ಮೇಜಿನ ಕೆಳಗಿನ ಜಾಗ

ಎಲ್ಲರಿಗೂ ನಮಸ್ಕಾರ. ಉಡುಪಿಯಲ್ಲಿ ಚಿತ್ರಕಲೆಯ ಬಗ್ಗೆ ಮಾತಾಡುವವರು ಸಾಮಾನ್ಯವಾಗಿ ನಮ್ಮ ಕಟ್ಟಿಂಗೇರಿಯ ಕೆ.ಕೆ. ಹೆಬ್ಬಾರರಿಂದ ಶುರು ಮಾಡುತ್ತಾರೆ. ನಾನು ಇವತ್ತು ಅಜ್ಜನ ಮನೆಯ ಮೇಜಿನಿಂದ ಶುರು ಮಾಡುತ್ತೇನೆ.

ಹಲಸಿನ ಮರದ ಮೇಜು ಅದು. ಚಾವಡಿಯಲ್ಲಿತ್ತು. ಮಧ್ಯಾಹ್ನ ಊಟ ಆಗಿ ದೊಡ್ಡವರೆಲ್ಲ ಅಡ್ಡಾದ ಮೇಲೆ ನಾನು ಸುಮ್ನೆ ಅದರ ಕೆಳಗೆ ಹೋಗಿ ಅಂಗಾತ ಮಲಗುತ್ತಿದ್ದೆ. ಬೆನ್ನಿಗೆ ಕಾವಿ ನೆಲದ ತಂಪು. ಕಣ್ಣಿನೆದುರು ಪಾಲಿಶ್ ಕಾಣದ ಹಲಗೆಯ ಒರಟು ಮೈ, ಅದರಲ್ಲಿ ಆಚಾರಿ ಪೆನ್ಸಿಲ್‌ನಿಂದ ಎಳೆದ ಒಂದು ತಪ್ಪು ಗೆರೆ, ಪಕ್ಕದಲ್ಲೇ ಸರಿಯಾದ ಗೆರೆ. ಮೇಜು ಅಂದ ಕೂಡಲೇ ನನಗೆ ಇವತ್ತಿಗೂ ನೆನಪಾಗುವುದು ನಾಲ್ಕು ಕಾಲುಗಳ ನಡುವಿನ ಆ ಜಾಗ.

ಆ ಜಾಗವನ್ನೇ ಎರಕ ಹೊಯ್ದರೆ? ಅಮೆರಿಕದ ಕಲಾವಿದ ಬ್ರೂಸ್ ನೌಮನ್ 1960ರ ದಶಕದಲ್ಲಿ ತಮ್ಮ ಕುರ್ಚಿಯ ಕೆಳಗೆ ಎಷ್ಟು ಖಾಲಿ ಇತ್ತೋ ಅಷ್ಟನ್ನೂ ಕಾಂಕ್ರೀಟಿನಲ್ಲಿ ಎರಕ ಹೊಯ್ದರು. ಉಳಿದದ್ದು ಒಂದು ಬೂದು ದಿಮ್ಮಿ. ಕಾಲುಗಳಿದ್ದ ಕಡೆ ಬರೀ ತಗ್ಗು. ಬ್ರಿಟನ್ನಿನ ರೇಚಲ್ ವೈಟ್‌ರೀಡ್ 1995ರಲ್ಲಿ ಇಂಥದ್ದನ್ನೇ ನೂರು ಮಾಡಿ ಸಾಲಾಗಿ ಇಟ್ಟರು, ಆದರೆ ರೆಸಿನ್ ಅನ್ನುವ ಒಂಥರಾ ಪ್ಲಾಸ್ಟಿಕ್‌ನಲ್ಲಿ. ಬೆಳಕು ಒಳಗೆ ಹೊಕ್ಕು ಬರುತ್ತದೆ, ಕೆಲವು ಥೇಟ್ ಬೆಲ್ಲದ ಪಾಕದ ಬಣ್ಣ. ನನಗೆ ಇದೇ ಜಾಸ್ತಿ ಇಷ್ಟ.

ಅಮೆರಿಕದವರೇ ಆದ ಕಲಾವಿದ ರಿಚರ್ಡ್ ಆರ್ಟ್‌ಶ್ವಾಗರ್ ಅವರದು ಬೇರೆ ದಾರಿ. ಅವರು ಮೊದಲು ಪೀಠೋಪಕರಣ ಮಾಡಿ ಮಾರುತ್ತಿದ್ದವರು. 1964ರಲ್ಲಿ ಒಂದು ಚೌಕ ಪೆಟ್ಟಿಗೆಗೆ ನಾವು ಮೈಕಾ ಅನ್ನುತ್ತೇವಲ್ಲ, ಅಂಥ ಶೀಟ್ ಅಂಟಿಸಿದರು. ಕಂದು ಶೀಟ್ ಮೇಜಿನ ಕಾಲು, ಗುಲಾಬಿ ಶೀಟ್ ಮೇಲಿನ ಬಟ್ಟೆ. ಕಾಲುಗಳ ನಡುವಿನ ಖಾಲಿ ಜಾಗಕ್ಕೆ? ಕಪ್ಪು ಶೀಟ್! ದೂರದಿಂದ ಮೇಜು, ಹತ್ತಿರ ಹೋದರೆ ಬಣ್ಣದ ಶೀಟುಗಳು ಮಾತ್ರ. ನಾನಾಗಿದ್ದರೆ ಆ ಕಪ್ಪಿನೊಳಗೆ ನುಗ್ಗಲು ಹೋಗಿ ತಲೆ ಬಡಿಸಿಕೊಳ್ಳುತ್ತಿದ್ದೆ.

ಅಮೂರ್ತ ಕಲೆ ಅರ್ಥ ಆಗುವುದಿಲ್ಲ ಅಂತ ತುಂಬಾ ಜನ ಹೇಳುತ್ತಾರೆ, ಅಲ್ವಾ? ಅವರಿಗೆ ನಾನು ಮೊದಲು ಇಂಥ ಕೆಲಸಗಳನ್ನೇ ತೋರಿಸುವುದು. ಕುರ್ಚಿಯ ಸೀಟಿನ ಎತ್ತರ ಹೆಚ್ಚುಕಮ್ಮಿ ನಮ್ಮ ಮೊಣಕಾಲಿನ ಎತ್ತರ, ಅದಕ್ಕೇ ಕಣ್ಣಿಗೆ ಗುರುತು ಸಿಗದಿದ್ದರೂ ಮೈಗೆ ಸಿಗುತ್ತದೆ, ಇಲ್ಲಿ ಯಾರೋ ಕೂರಬೇಕಿತ್ತು ಅಂತ ಅನ್ನಿಸಿಬಿಡುತ್ತದೆ. ಕೊಲಂಬಿಯಾದ ಡೋರಿಸ್ ಸಾಲ್ಸೆಡೊ 2003ರಲ್ಲಿ ಇಸ್ತಾಂಬುಲ್‌ನಲ್ಲಿ ಎರಡು ಕಟ್ಟಡಗಳ ನಡುವಿನ ಖಾಲಿ ಸೈಟಿನಲ್ಲಿ 1550 ಮರದ ಕುರ್ಚಿಗಳನ್ನು ಒಂದರ ಮೇಲೊಂದು ಒಟ್ಟಿದರು. ಫೋಟೊದಲ್ಲಿ ನೋಡಿದರೂ ಎದೆ ಭಾರವಾಗುತ್ತದೆ. ಅಷ್ಟು ಕುರ್ಚಿ, ಒಂದರಲ್ಲೂ ಮನುಷ್ಯರಿಲ್ಲ.

ಅಜ್ಜ ಹೋದ ಮೇಲೆ ಆ ಮೇಜು ಚಿಕ್ಕಪ್ಪನ ಮನೆಗೆ ಹೋಯಿತು. ಈಗ ಮೇಲೆ ಟಿವಿ, ಕೆಳಗೆ ಹಳೇ ಪೇಪರಿನ ರಾಶಿ. ಹೋದ ವಾರ ಪೇಪರ್ ಸರಿಸಿ, ಕೆಳಗೆ ತೂರಿ, ಮೊಬೈಲಿನ ಬೆಳಕಿನಲ್ಲಿ ಒಂದು ಫೋಟೊ ತೆಗೆದೆ. ಇದೇ ನೋಡಿ. ಎಡಗಡೆಯದು ತಪ್ಪು ಗೆರೆ, ಬಲಗಡೆಯದು ಸರಿಯಾದದ್ದು.