ಕ್ಯಾಂಪಿನ ತೆಲುಗು, ಕಥಿಯೊಳಗಿನ ಕನ್ನಡ

ನಮಸ್ಕಾರ್ರಿ. ಸ್ಕ್ರೀನಿನ್ಯಾಗ ಕಾಣೋದು ತುಂಗಭದ್ರಾ ಎಡದಂಡೆ ಕಾಲುವಿ, ಗಂಗಾವತಿ ಕಡೆ. 1953ರಾಗ ಡ್ಯಾಮಿನ ನೀರು ಹರಿಯಾಕ ಹತ್ತಿದ ಮ್ಯಾಲೆ ಕರಾವಳಿ ಆಂಧ್ರದ ರೈತರು ಬಂದ್ರು, ಹೊಲ ಕೊಂಡ್ರು, ಭತ್ತ ಹಚ್ಚಿದ್ರು. ಅವರು ನೆಲಿ ನಿಂತ ಊರಿಗೆ ಇವತ್ತಿಗೂ ಕ್ಯಾಂಪ್ ಅಂತನ ಅಂತಾರ. ಮನ್ಯಾಗ ತೆಲುಗು, ಸಾಲ್ಯಾಗ ಕನ್ನಡ. ಅಂಥಾ ಮನಿಯಿಂದ ಬಂದು ಕನ್ನಡದಾಗ ಕಥಿ ಬರಿಯೋರಿಗೆ ಎಲ್ಲೆಲ್ಲಿ ತೊಡಕಾಗ್ತೈತಿ, ಅದನ್ನ ನೋಡೋಣ.

ಲಿಪಿದು ದೊಡ್ಡ ತ್ರಾಸ ಅಲ್ಲ. ತೆಲುಗು ಅಕ್ಷರದ ಯೂನಿಕೋಡ್ ನಂಬರಿಗೆ 128 ಕೂಡಿಸಿದ್ರ ಹೆಚ್ಚುಕಮ್ಮಿ ಎಲ್ಲಾ ಕಡೆ ಅದೇ ಕನ್ನಡ ಅಕ್ಷರ ಬರ್ತೈತಿ, ಹಂಗಾಗಿ ಲಿಪಿ ಬದಲಿಸೋ ಆ್ಯಪ್ ಕ್ಷಣದಾಗ ಕೆಲಸ ಮುಗಸ್ತಾವ. ಆದ್ರ ಪೊಲಂ, ಪುಸ್ತಕಂ ಅಂತ ಕಡೀಗೆ ಸೊನ್ನಿ ಹಂಗ ಉಳೀತಾವ. ಪಾತ್ರದ ಬಾಯಾಗಿದ್ರ ಇರ್ಲಿ, ನಿರೂಪಣಿಯೊಳಗ ಬಂದ್ರ ತಗೀರಿ.

ಕ್ರಿಯಾಪದ ಇದಕ್ಕಿಂತ ಸೂಕ್ಷ್ಮ. ತೆಲುಗಿನ್ಯಾಗ ಅಮ್ಮ ಬಂದ್ರೂ "ವಚ್ಚಿಂದಿ", ಬಸ್ ಬಂದ್ರೂ "ವಚ್ಚಿಂದಿ". ಅದೇ ಗುಂಗಿನ್ಯಾಗ ಬರದ್ರ "ಅತ್ತಿ ಬಂತು" ಅಂತ ಬಿದ್ದುಬಿಡ್ತೈತಿ, ಓದೋರಿಗೆ ಅದು ಅವಮಾನ ಮಾಡಿದಂಗ ಕೇಳ್ತೈತಿ. ಕರಡು ಮುಗಿದ ಮ್ಯಾಲೆ ಹೆಣ್ಣುಪಾತ್ರದ ವಾಕ್ಯ ಅಷ್ಟೇ ಹುಡುಕಿ, ಕಡೀ ಪದ ಒಂದ ನೋಡ್ರಿ. ಬಹುವಚನ ಬಿಡ್ರಿ, ಬಂದರು, ಬಂದವು ಅನ್ನೋ ವ್ಯತ್ಯಾಸ ತೆಲುಗಿನ್ಯಾಗೂ ಐತಿ.

ಇನ್ನ "ನಾವು". ನನ್ನ ಲೆಕ್ಕದಾಗ ಕ್ಯಾಂಪಿನ ಬರವಣಿಗಿ ಗೆಲ್ಲೋದು ಸೋಲೋದು ಇಲ್ಲೇ. ಕೇಳೋರನ್ನ ಕೂಡಿಸ್ಕೊಂಡ್ರ ತೆಲುಗಿನ್ಯಾಗ "ಮನಂ", ಬಿಟ್ಟು ಹೇಳಿದ್ರ "ಮೇಮು". ಕನ್ನಡದಾಗ ಎರಡಕ್ಕೂ ಒಂದ ಪದ. ಪಂಚಾಯತಿ ಕಟ್ಟಿ ಮ್ಯಾಲೆ ಒಬ್ಬ ಹಿರಿಯ, ಹಳೇ ಊರಿನವರ ಎದುರಿಗೆ, ಕಾಲುವಿಗೆ ನೀರು ಬಂದಿಲ್ಲ ಅಂತಾನ ಅನ್ನೋಣ. "ಮನ ಕಾಲುವ" ಅಂದ್ರ ಎದುರಿನವರನ್ನ ಜೊತಿಗೆ ಕರದಂಗ, "ಮಾ ಕಾಲುವ" ಅಂದ್ರ ಜಗಳಕ್ಕ ನಿಂತಂಗ. "ನಮ್ಮ ಕಾಲುವಿ" ಅಂತ ಬರದ್ರ ಎರಡೂ ಅಳಿಸಿಹೋಗ್ತಾವ. ಅದಕ್ಕ ಒಂದ ಕಡೆ "ನಮ್ದೂ ನಿಮ್ದೂ ಒಂದ ಕಾಲುವಿ" ಅನ್ನಿಸ್ರಿ, ಇನ್ನೊಂದ ಕಡೆ "ನಮ್ಮ ಕ್ಯಾಂಪಿನ ಕಾಲುವಿ" ಅನ್ನಿಸ್ರಿ. ಇಲ್ಲಾ, ಮಾತಾಡ್ತಾ ಆತ ಯಾರ ಮಾರಿ ನೋಡಿದ ಅಂತ ಅರ್ಧ ಸಾಲು ಹಾಕ್ರಿ. ಕನ್ನಡದ ಕಥಿಯನ್ನ ತೆಲುಗಿಗೆ ಒಯ್ಯೋರ ಪಾಡು ಇನ್ನೂ ಕಷ್ಟ, ಪ್ರತಿ "ನಾವು" ಬಂದಾಗೂ ಯಾರು ಒಳಗ, ಯಾರು ಹೊರಗ ಅಂತ ತೀರ್ಮಾನ ಮಾಡಲೇಬೇಕು.

ಸಂಬಂಧದ ಹೆಸರು ಬದಲಿಸಬ್ಯಾಡ್ರಿ. ಮೊದಲ ಪುಟದ ಪಿನ್ನಿ ಹತ್ತನೇ ಪುಟದಾಗ ಚಿಗವ್ವ ಆದ್ರ ಓದೋರು ಇಬ್ರು ಹೆಂಗಸ್ರು ಅಂತ ತಿಳ್ಕೋತಾರ. "ಚೆಪ್ಪಂಡಿ"ಗೆ ಮಾತ್ರ "ಹೇಳ್ರಿ" ಸಲೀಸಾಗಿ ಕೂಡ್ತೈತಿ.

ಸಾರ್ವಾ, ದಾಳ್ವಾ ಇಂಥ ಪದಕ್ಕ ಕಂಸದಾಗ ಅರ್ಥ ಬರಿಯೋದು ನನಗ ಸೇರಂಗಿಲ್ಲ. "ಸಾರ್ವಾ ಕೊಯ್ಲಾತು, ದಾಳ್ವಾಕ್ಕ ನೀರು ಬಿಡ್ತಾರೋ ಇಲ್ಲೋ ಅಂತ ಎಲ್ಲಾರ ಕಿವಿ ನೀರಾವರಿ ಸಲಹಾ ಸಮಿತಿ ಸಭಿ ಕಡೆ" ಅಂದ್ರ ಸಾಕು, ಯಾವುದು ಮೊದಲ ಬೆಳಿ, ಯಾವುದು ಎರಡನೇದು ತಿಳೀತೈತಿ. ಇಡೀ ವಾಕ್ಯ ತೆಲುಗು ಆದ್ರ ಪುಟಕ್ಕ ಎರಡು, ಬಾಳ ಅಂದ್ರ ಮೂರು.

ನಾಟಿಗೆ ಬಂದ ಹೆಣ್ಮಕ್ಕಳ ಬಾಯಾಗ ಪಠ್ಯಪುಸ್ತಕದ ಕನ್ನಡ ಹಾಕೋದು ಇನ್ನೊಂದು ತಪ್ಪು. ಸಾಲ್ಯಾಗ ಕಲ್ತ ಕನ್ನಡ ಕೈಗೆ ಲಗೂನ ಬರ್ತೈತಿ, ಅದಕ್ಕ ಹಿಂಗಾಗ್ತೈತಿ. ಸಂಭಾಷಣಿಯನ್ನ ಹಳೇ ಊರಿನ ಒಬ್ಬರಿಗೆ, ಕ್ಯಾಂಪಿನ ಹಿರಿಯರೊಬ್ಬರಿಗೆ ಜೋರಾಗಿ ಓದಿ ಹೇಳ್ರಿ. ಅವರು "ಹಿಂಗ್ಯಾರು ಅಂತಾರ?" ಅಂದಲ್ಲಿ ಪೆನ್ಸಿಲ್ ಗುರ್ತು ಹಾಕ್ರಿ.

ಪತ್ರಿಕಿಯವರು ತೆಲುಗು ಸಾಲೆಲ್ಲಾ ಕನ್ನಡ ಮಾಡಿ ಕಳಸ್ರಿ ಅಂದ್ರ, ಉದ್ದ ವಾಕ್ಯ ಬಿಟ್ಟುಕೊಡ್ರಿ. ಪಿನ್ನಿ, ವದಿನ, ಬಾವ ಅನ್ನೋದನ್ನ ಮಾತ್ರ ಬಿಡಬ್ಯಾಡ್ರಿ.