ಒಂದು ಮಿಲಿಮೀಟರ್ ಮೂಳೆ, ಕದಡಿದ ಚಿತ್ರ

ನಮಸ್ಕಾರ, ಪುಣೆಯಿಂದ. ಬೆಳಗಾವಿ, ಹುಬ್ಬಳ್ಳಿ ಕಡೆಯಿಂದ ಇಲ್ಲಿಗೆ ಬಯೋಮೆಡಿಕಲ್ ಓದಲು ಬಂದವರಿಗೆ ಈ ವಿಡಿಯೊ. ಹೊಟ್ಟೆಯೊಳಗಿನದು ಅಷ್ಟು ಚೆನ್ನಾಗಿ ಕಾಣೋ ಸೋನೋಗ್ರಫಿಯಲ್ಲಿ ಮಿದುಳು ಯಾಕೆ ಮಬ್ಬು? ಅಡ್ಡ ಇರೋ ಬುರುಡೆಯಿಂದ. ಗೇನ್, ಅಂದರೆ ಬಂದ ಸಿಗ್ನಲನ್ನ ಹಿಗ್ಗಿಸೋದನ್ನ, ಏರಿಸಿದರೆ ಗದ್ದಲವೂ ಏರುತ್ತೆ, ಅಷ್ಟೇ. ಕಳಿಸೋ ಶಬ್ದದ ಪವರ್ ಏರಿಸಿದರೆ ಮೂಳೆ ಬಿಸಿಯಾಗುತ್ತೆ. ಪರದೆಯಲ್ಲಿ ಟಿಐಸಿ (ಬುರುಡೆ ಎಷ್ಟು ಬಿಸಿಯಾಗಬಹುದು ಅನ್ನೋ ಸೂಚ್ಯಂಕ) ಅಂಕಿ ಇರೋದೇ ಅದನ್ನ ಕಾಯೋಕೆ.

ಮೊದಲು ಪ್ರೋಬ್ ಇಡೋಕೆ ಜಾಗ ಹುಡುಕಿ. ಕಿವಿಯ ಮುಂದೆ, ಕೆನ್ನೆಮೂಳೆಯ ಕಮಾನಿನ ಮೇಲೆ ಬುರುಡೆ ತೆಳ್ಳಗಿರುತ್ತೆ. 1982ರಲ್ಲಿ ರೂನೆ ಆಸ್ಲಿಡ್ ಮತ್ತು ಸಂಗಡಿಗರು 2 ಮೆಗಾಹರ್ಟ್ಸ್ ಡಾಪ್ಲರ್‌ನಿಂದ ಮಿದುಳಿನ ರಕ್ತದ ವೇಗ ಅಳೆದದ್ದು ಈ ಜಾಗದಿಂದಲೇ. ಫೇಸ್ಡ್ ಅರೇ ಪ್ರೋಬ್ (ಶಬ್ದ ಕಳಿಸಿ ಕೇಳೋ ಪುಟ್ಟ ಎಲಿಮೆಂಟುಗಳ ಸಾಲಿರೋದು) ತಗೊಳ್ಳಿ, ಡೆಪ್ತ್ 14ರಿಂದ 16 ಸೆಂ.ಮೀ. ಜೆಲ್ ಧಾರಾಳವಾಗಿ ಹಾಕಿ, ಕೂದಲಲ್ಲಿ ಗಾಳಿ ಉಳಿಯಬಾರದು. ಆಚೆ ಬದಿಯ ಬುರುಡೆ ಕಂಡರೆ ಜಾಗ ಸರಿ. ವಯಸ್ಸಾದ ಹೆಂಗಸರಲ್ಲಿ ಎಷ್ಟೋ ಜನಕ್ಕೆ ಇದು ಸಿಗೋದೇ ಇಲ್ಲ.

ಈಗ ನಿಜವಾದ ತೊಡಕು. ಮೂಳೆ ಶಬ್ದವನ್ನ ಹೀರೋದು ಒಂದು; ಅದರ ಹೆಜ್ಜೆ ತಪ್ಪಿಸೋದು ಇನ್ನೊಂದು. ಮೃದು ಅಂಗಾಂಶದಲ್ಲಿ ವೇಗ ಸೆಕೆಂಡಿಗೆ 1540 ಮೀಟರ್ ಅಂತ ಮಷೀನು ನಂಬಿರುತ್ತೆ. ಗಟ್ಟಿ ಮೂಳೆಯಲ್ಲಿ ಅದು ಸುಮಾರು 2800. ಬುರುಡೆ ಎಲ್ಲೆಡೆ ಒಂದೇ ದಪ್ಪ ಇದ್ದಿದ್ದರೆ ದೊಡ್ಡ ನಷ್ಟವಿರಲಿಲ್ಲ. ಆದರೆ 1 ಮಿ.ಮೀ. ದಪ್ಪ ಹೆಚ್ಚಾದ ಕಡೆ ಅಲೆ ಸುಮಾರು 0.3 ಮೈಕ್ರೋಸೆಕೆಂಡ್ ಮೊದಲೇ ತಲುಪುತ್ತೆ. 2 ಮೆಗಾಹರ್ಟ್ಸ್‌ನಲ್ಲಿ ಒಂದು ಅಲೆಯ ಅವಧಿಯೇ 0.5. ಅಂದರೆ ಅರ್ಧ ಅಲೆಗಿಂತ ಹೆಚ್ಚು ವ್ಯತ್ಯಾಸ. ಕೂಡಬೇಕಾದ ಅಲೆಗಳು ಒಂದನ್ನೊಂದು ಅಳಿಸಿಹಾಕುತ್ತವೆ.

ಇದನ್ನ ಕಣ್ಣಾರೆ ನೋಡಬಹುದು. ನಾಮಫಲಕದ ಅಂಗಡಿಯಿಂದ 5 ಮಿ.ಮೀ. ಅಕ್ರಿಲಿಕ್ ತುಂಡು ತನ್ನಿ. ಅದರಲ್ಲಿ ವೇಗ ಸುಮಾರು 2700, ಮೂಳೆಗೆ ಹತ್ತಿರ. ಅರ್ಧ ಭಾಗಕ್ಕೆ 1 ಮಿ.ಮೀ. ಅಕ್ರಿಲಿಕ್ ಹಾಳೆ ಅಂಟಿಸಿ. ನಡುವೆ ಗುಳ್ಳೆ ಉಳಿದರೆ ಶಬ್ದ ಅಲ್ಲೇ ನಿಂತುಬಿಡುತ್ತೆ. ನೀರನ್ನ ಚೆನ್ನಾಗಿ ಕುದಿಸಿ, ಮುಚ್ಚಿಟ್ಟು ಆರಿಸಿ. ತೊಟ್ಟಿಯಲ್ಲಿ 6 ಸೆಂ.ಮೀ. ಆಳಕ್ಕೆ ನೈಲಾನ್ ದಾರ ಅಡ್ಡ ಕಟ್ಟಿ. ಭ್ರೂಣಲಿಂಗ ಪತ್ತೆ ತಡೆಯೋ ಪಿಸಿಪಿಎನ್‌ಡಿಟಿ ಕಾಯ್ದೆಯಂತೆ ನೋಂದಾಯಿತ ಜಾಗದಿಂದ ಮಷೀನನ್ನ ಮನಬಂದಂತೆ ಹೊರಗೆ ಒಯ್ಯೋ ಹಾಗಿಲ್ಲ, ಹಾಗಾಗಿ ತೊಟ್ಟಿಯನ್ನೇ ಅಲ್ಲಿಗೆ ಒಯ್ಯಿರಿ.

ಅಕ್ರಿಲಿಕ್ ಇಲ್ಲದಾಗ ದಾರ ಒಂದು ಚುಕ್ಕೆ. ಸಮತಟ್ಟು ಭಾಗ ಅಡ್ಡ ಬಂದಾಗ ಚುಕ್ಕೆ ಸುಮಾರು 2 ಮಿ.ಮೀ. ಮೇಲೆ ಬರುತ್ತೆ. ದಪ್ಪ ಬದಲಾಗೋ ಅಂಚನ್ನ ಪ್ರೋಬಿನ ಮಧ್ಯಕ್ಕೆ ತನ್ನಿ: ಚುಕ್ಕೆ ಹರಡಿ, ಒಡೆದುಹೋಗುತ್ತೆ. ಶಬ್ದವನ್ನ ಚದುರಿಸೋ, ಮೂಳೆಯ ಒಳಗಿನ ಸ್ಪಂಜಿನಂಥ ಪದರ ಅಕ್ರಿಲಿಕ್‌ನಲ್ಲಿ ಇಲ್ಲ, ಆದ್ದರಿಂದ ಇಲ್ಲಿ ಕಾಣೋದು ಹೆಜ್ಜೆ ತಪ್ಪಿದ ಪರಿಣಾಮ ಮಾತ್ರ. ಈ ಪ್ರಯೋಗದ ಬೆಲೆ ಇರೋದೇ ಅಲ್ಲಿ.

ಸರಿಪಡಿಸಲು ಪ್ರೋಬಿನ ಪ್ರತಿ ಎಲಿಮೆಂಟಿನ ಕಚ್ಚಾ ಸಿಗ್ನಲ್ ಬೇಕು. ಆಸ್ಪತ್ರೆಯ ಮಷೀನುಗಳು ಸಾಮಾನ್ಯವಾಗಿ ಅದನ್ನ ಕೊಡಲ್ಲ, ಸಂಶೋಧನಾ ಮಷೀನೇ ಆಗಬೇಕು. ದಾರದ ಪ್ರತಿಧ್ವನಿ ಯಾವ ಎಲಿಮೆಂಟಿಗೆ ಎಷ್ಟು ಬೇಗ ಬಂತು ಅಂತ ಅಳೆದು, ಅಷ್ಟನ್ನ ಸರಿಹೊಂದಿಸಿ ಮತ್ತೆ ಕೂಡಿಸಿ. ತಲೆಯೊಳಗೆ ದಾರ ಎಲ್ಲಿದೆ? 2021ರಲ್ಲಿ ಪ್ಯಾರಿಸ್‌ನ ತಂಡವೊಂದು ರಕ್ತಕ್ಕೆ ಬಿಟ್ಟ ಸೂಕ್ಷ್ಮ ಗುಳ್ಳೆಗಳನ್ನೇ ಹಾಗೆ ಬಳಸಿ, ರೋಗಿಗಳ ಮಿದುಳಿನ ಸಣ್ಣ ರಕ್ತನಾಳಗಳನ್ನ ಬುರುಡೆ ತೆರೆಯದೆ ತೋರಿಸಿತು. ಈ ಕ್ಷೇತ್ರದಲ್ಲಿ ನನಗೆ ಅತ್ಯಂತ ಸೊಗಸಾಗಿ ಕಂಡ ಕೆಲಸ ಅದು.

ಒಂದು ಎಚ್ಚರಿಕೆ. ದಾರವನ್ನ 2 ಸೆಂ.ಮೀ. ಪಕ್ಕಕ್ಕೆ ಸರಿಸಿದರೆ ಅಲೆ ಬೇರೆ ದಾರಿ ಹಿಡಿಯುತ್ತೆ, ಹಳೆಯ ತಿದ್ದುಪಡಿ ಅಲ್ಲಿಗೆ ಹೊಂದಲ್ಲ. ಇಡೀ ಚಿತ್ರಕ್ಕೆ ಒಂದೇ ಲೆಕ್ಕ ಹಾಕದೆ, ತುಣುಕು ತುಣುಕಾಗಿ ವಿಂಗಡಿಸಿ, ಪ್ರತಿಯೊಂದಕ್ಕೂ ಬೇರೆಯಾಗಿ ಅಳೆಯಿರಿ.