ನಾವು ಮ್ಯಾಚ್ ನೋಡಲು ಬಂದವರಲ್ಲ

ಎಲ್ಲರಿಗೂ ನಮಸ್ಕಾರ. ಈಗ ನೀವು ನೋಡುತ್ತಿರುವುದು ಒಂದು ಹೋಟೆಲಿನ ನಾಲ್ಕನೇ ಮಹಡಿಯ ಕಾರಿಡಾರ್. ರಾತ್ರಿ ಹನ್ನೊಂದೂವರೆ. ಎರಡೂ ಕಡೆಯ ರೂಮುಗಳಿಂದ ಹಾಡು, ನಗು, ಗಲಾಟೆ ಕೇಳಿಸುತ್ತಿದೆ ಅಲ್ವಾ? ಅವರೆಲ್ಲ ಮರುದಿನದ ಮ್ಯಾಚಿಗೆ ಬಂದವರು. ಅವರ ಖುಷಿಯ ಮೇಲೆ ನನಗೆ ಯಾವ ಸಿಟ್ಟೂ ಇಲ್ಲ. ನಾನು ಆ ಊರಿಗೆ ಹೋಗಿದ್ದು ಮಾತ್ರ ಅಪ್ಪನ ಆಪರೇಷನ್‌ಗೆ. ಅಮ್ಮನನ್ನು ರೂಮಿಗೆ ಬಿಟ್ಟು, ಮತ್ತೆ ಆಸ್ಪತ್ರೆಗೆ ಹೊರಡುವಾಗ ತೆಗೆದ ವಿಡಿಯೋ ಇದು. ಯಾಕೆ ತೆಗೆದೆ ಅಂತ ಆಗ ನನಗೇ ಗೊತ್ತಿರಲಿಲ್ಲ. ಈಗ ಹೇಳುತ್ತೇನೆ.

ಆಪರೇಷನ್ ತಾರೀಖು ನಾವು ಆರಿಸಿದ್ದಲ್ಲ, ಡಾಕ್ಟರು ಕೊಟ್ಟದ್ದು. ಅದೇ ವಾರ ಆ ಊರಿನಲ್ಲಿ ದೊಡ್ಡ ಮ್ಯಾಚ್ ಇದೆ ಅನ್ನುವುದು ನಮ್ಮ ತಲೆಗೇ ಬಂದಿರಲಿಲ್ಲ. ಹಾಗಂತ ಕೊನೆ ಗಳಿಗೆಯಲ್ಲಿ ರೂಮ್ ಹುಡುಕಿಕೊಂಡು ಹೋದವರೂ ಅಲ್ಲ. ಒಂದೂವರೆ ತಿಂಗಳ ಮೊದಲೇ, ಆಸ್ಪತ್ರೆಗೆ ನಡೆದು ಹೋಗುವಷ್ಟು ಹತ್ತಿರ ಒಂದು ರೂಮ್ ಬುಕ್ ಮಾಡಿದ್ದೆ. ದುಡ್ಡು ಕಟ್ಟಿದ್ದೆ. ಕನ್ಫರ್ಮ್ ಆಗಿದೆ ಅಂತ ಮೆಸೇಜೂ ಬಂದಿತ್ತು.

ಹೊರಡಲು ಐದು ದಿನ ಇದ್ದಾಗ ಫೋನ್ ಬಂತು. "ಸರ್, ರೂಮಿನಲ್ಲಿ ರಿಪೇರಿ ಕೆಲಸ ಬಂದಿದೆ. ನಿಮ್ಮ ಬುಕಿಂಗ್ ಕ್ಯಾನ್ಸಲ್ ಮಾಡುತ್ತಿದ್ದೇವೆ. ದುಡ್ಡು ವಾಪಸ್ ಬರುತ್ತದೆ." ಅಷ್ಟೇ. ಅರ್ಧ ಗಂಟೆ ಬಿಟ್ಟು ಆ್ಯಪ್ ತೆರೆದು ನೋಡಿದೆ. ಅದೇ ಹೋಟೆಲ್, ಅದೇ ಬಗೆಯ ರೂಮ್, ಅದೇ ತಾರೀಖು. ರೇಟ್ ನಾಲ್ಕು ಪಟ್ಟು.

ಆ ಸ್ಕ್ರೀನ್ ನೋಡಿದಾಗ ಹೊಟ್ಟೆಯಲ್ಲಿ ಏನೋ ಕಿವುಚಿದ ಹಾಗಾಯಿತು. ಸಿಟ್ಟಿಗಿಂತ ಮೊದಲು ಬಂದದ್ದು ಭಯ. ಆಸ್ಪತ್ರೆಯಲ್ಲಿ ರೋಗಿಯ ಜೊತೆ ಒಬ್ಬರೇ ಇರಬಹುದು. ನಾನು ಅಲ್ಲಿದ್ದರೆ ಅಮ್ಮ ಎಲ್ಲಿ ಮಲಗಬೇಕು? ಅಮ್ಮನಿಗೆ ಹೇಳಿದರೆ, "ಬೇಡ ಕಣೋ, ಅಷ್ಟೊಂದು ದುಡ್ಡು ಯಾಕೆ ಸುರಿಯುತ್ತೀಯ, ನಾನು ಕೆಳಗೆ ಕುರ್ಚಿಯಲ್ಲೇ ಕೂತಿರುತ್ತೇನೆ" ಅಂದರು. ಅವರಿಗೆ ಮಂಡಿ ನೋವು. ಮೂರು ರಾತ್ರಿ ಕುರ್ಚಿಯಲ್ಲಿ ಕೂರುವುದು ಹೇಗೆ ಸಾಧ್ಯ?

ಕೊನೆಗೆ ಆಸ್ಪತ್ರೆಯಿಂದ ಒಂಬತ್ತು ಕಿಲೋಮೀಟರ್ ದೂರದಲ್ಲಿ ಈ ಹೋಟೆಲ್ ಸಿಕ್ಕಿತು. ಮಾಮೂಲಿ ರೇಟಿನ ಮೂರು ಪಟ್ಟು. ಕಟ್ಟಿದೆ. ಬೇರೆ ದಾರಿ ಇರಲಿಲ್ಲ.

ಅಪ್ಪ ಹುಷಾರಾದ ಮೇಲೆ ಕೂತು ಒಂದಷ್ಟು ಓದಿದೆ. ಹಬ್ಬ, ರಜೆ, ಮ್ಯಾಚ್, ಸಂಗೀತ ಕಾರ್ಯಕ್ರಮ ಬಂದ ತಕ್ಷಣ ರೂಮ್ ರೇಟ್ ಹೀಗೆ ಏರುವುದು ಯಾಕೆ ಅಂತ ತಿಳಿಯಬೇಕಿತ್ತು. ಹೋಟೆಲ್‌ನವರ ಕಡೆಯ ಮಾತನ್ನೇ ಮೊದಲು ಹೇಳುತ್ತೇನೆ, ಯಾಕೆಂದರೆ ಅದರಲ್ಲೂ ನಿಜ ಇದೆ. ಬಟ್ಟೆ ಅಂಗಡಿಯವನು ಇವತ್ತು ಮಾರದ ಅಂಗಿಯನ್ನು ನಾಳೆ ಮಾರಬಹುದು. ಇವತ್ತಿನ ರಾತ್ರಿ ಖಾಲಿ ಉಳಿದ ರೂಮನ್ನು ನಾಳೆ ಮಾರಲು ಬರುವುದಿಲ್ಲ. ಆ ರಾತ್ರಿ ಹೋಯಿತು ಅಂದರೆ ಹೋಯಿತು. ಇನ್ನೊಂದು ಕಡೆ, ಜನ ಹತ್ತು ಪಟ್ಟು ಬಂದರೂ ರೂಮುಗಳು ಇದ್ದಷ್ಟೇ. ವರ್ಷಕ್ಕೆ ನಾಲ್ಕು ದಿನದ ಜಾತ್ರೆಗಾಗಿ ಯಾರೂ ಹೊಸ ಹೋಟೆಲ್ ಕಟ್ಟುವುದಿಲ್ಲ. ಮಳೆಗಾಲವೋ ಪರೀಕ್ಷೆ ಸಮಯವೋ, ಜನವೇ ಇಲ್ಲದ ತಿಂಗಳುಗಳಲ್ಲೂ ಸಂಬಳ, ಕರೆಂಟು, ಸಾಲದ ಕಂತು ನಿಲ್ಲುವುದಿಲ್ಲ. ಸೀಸನ್‌ನಲ್ಲಿ ಗಳಿಸಿದ್ದು ಆ ತಿಂಗಳುಗಳನ್ನು ದಾಟಿಸಬೇಕು. ಇಷ್ಟನ್ನು ನಾನು ಒಪ್ಪುತ್ತೇನೆ.

ಬೇಡಿಕೆ ನೋಡಿ ರೇಟ್ ಬದಲಿಸುವ ಈ ಲೆಕ್ಕ ಶುರುವಾದದ್ದು ಹೋಟೆಲಿನಲ್ಲಿ ಅಲ್ಲ, ವಿಮಾನದಲ್ಲಿ. 1972ರಲ್ಲಿ ಬ್ರಿಟನ್ನಿನ ಬಿಒಎಸಿ ವಿಮಾನ ಕಂಪನಿಯಲ್ಲಿದ್ದ ಕೆನ್ ಲಿಟಲ್‌ವುಡ್ ಒಂದು ಸರಳ ಸೂತ್ರ ಬರೆದರು. ಕಡಿಮೆ ದುಡ್ಡಿಗೆ ಸೀಟು ಕೇಳುವವನಿಗೆ ಈಗಲೇ ಕೊಟ್ಟುಬಿಡಬೇಕೋ, ನಾಳೆ ಜಾಸ್ತಿ ಕೊಡುವವನು ಬರಬಹುದು ಅಂತ ಉಳಿಸಿಕೊಳ್ಳಬೇಕೋ ಅನ್ನುವುದಕ್ಕೆ ಉತ್ತರ ಅದು. 1978ರಲ್ಲಿ ಅಮೆರಿಕದಲ್ಲಿ ವಿಮಾನ ಟಿಕೆಟ್ ದರದ ಮೇಲಿನ ಸರ್ಕಾರದ ಹಿಡಿತ ತೆಗೆಯುವ ಕಾನೂನು ಬಂತು. 1980ರ ದಶಕದಲ್ಲಿ ಅಮೆರಿಕನ್ ಏರ್‌ಲೈನ್ಸ್ ಈ ಲೆಕ್ಕವನ್ನು ಕಂಪ್ಯೂಟರಿಗೆ ಹಾಕಿತು. ಅಲ್ಲಿಂದ ಅದನ್ನು ಹೋಟೆಲಿಗೆ ತಂದವರಲ್ಲಿ ಮ್ಯಾರಿಯಟ್ ಹೋಟೆಲ್ ಕಂಪನಿ ಮುಂಚೂಣಿಯಲ್ಲಿತ್ತು. ಇವತ್ತು ಸಾಫ್ಟ್‌ವೇರ್ ಊರಿನ ಕಾರ್ಯಕ್ರಮಗಳ ಪಟ್ಟಿ, ಪಕ್ಕದ ಹೋಟೆಲಿನ ರೇಟ್, ಬುಕಿಂಗ್ ಎಷ್ಟು ಬೇಗ ತುಂಬುತ್ತಿದೆ ಅನ್ನುವುದು, ಎಲ್ಲವನ್ನೂ ನೋಡಿ ದಿನಕ್ಕೆ ಹತ್ತಾರು ಸಲ ದರ ಬದಲಿಸಬಲ್ಲದು. ಬೆಳಿಗ್ಗೆ ನೋಡಿದ ರೇಟ್ ಮಧ್ಯಾಹ್ನ ಇರುವುದಿಲ್ಲ. ಹಬ್ಬದ ಸಮಯದಲ್ಲಿ 'ಕನಿಷ್ಠ ಮೂರು ರಾತ್ರಿ ಉಳಿಯಬೇಕು' ಅನ್ನುವ ಷರತ್ತೂ ಸೇರಿಕೊಳ್ಳುತ್ತದೆ. ನಿಮಗೆ ಬೇಕಾಗಿರುವುದು ಒಂದೇ ರಾತ್ರಿ ಆಗಿದ್ದರೂ ಮೂರಕ್ಕೆ ದುಡ್ಡು.

ಇದು ಎಷ್ಟು ದೊಡ್ಡದಾಗಬಹುದು ಗೊತ್ತಾ? 2023ರ ಮೇ ತಿಂಗಳಲ್ಲಿ ಅಮೆರಿಕದ ಗಾಯಕಿ ಬಿಯಾನ್ಸೆ ತನ್ನ ಸಂಗೀತ ಪ್ರವಾಸವನ್ನು ಸ್ವೀಡನ್ನಿನ ಸ್ಟಾಕ್‌ಹೋಮ್‌ನಲ್ಲಿ ಶುರು ಮಾಡಿದರು. ಎರಡೇ ದಿನದ ಕಾರ್ಯಕ್ರಮ. ಆ ತಿಂಗಳು ಸ್ವೀಡನ್ನಿನ ಬೆಲೆ ಏರಿಕೆ ಅಂದುಕೊಂಡಷ್ಟು ಇಳಿಯಲಿಲ್ಲ. ಹೋಟೆಲ್ ಮತ್ತು ರೆಸ್ಟೋರೆಂಟ್ ದರ ಏರಿದ್ದೂ ಅದಕ್ಕೆ ಒಂದು ಕಾರಣ, ಬೆಲೆ ಏರಿಕೆಯ ದರದಲ್ಲಿ 0.2 ಶೇಕಡಾ ಅಂಶದಷ್ಟು ಈ ಕಾರ್ಯಕ್ರಮದಿಂದಲೇ ಇರಬಹುದು ಅಂತ ಒಂದು ಬ್ಯಾಂಕಿನ ಅರ್ಥಶಾಸ್ತ್ರಜ್ಞರು ಅಂದಾಜು ಮಾಡಿದರು. ಒಂದು ದೇಶದ ಲೆಕ್ಕದಲ್ಲೇ ಕಾಣಿಸುವಷ್ಟು!

ಆದರೆ ನನ್ನನ್ನು ಜಾಸ್ತಿ ಕಾಡಿದ್ದು 2025ರ ನವೆಂಬರಿನಲ್ಲಿ ಬ್ರೆಜಿಲ್‌ನ ಬೆಲೆಮ್ ಊರಿನಲ್ಲಿ ನಡೆದ ವಿಶ್ವಸಂಸ್ಥೆಯ ಹವಾಮಾನ ಸಮ್ಮೇಳನ. ಅಮೆಜಾನ್ ನದಿಯ ಬಾಗಿಲಲ್ಲಿರುವ ಊರು. ಪ್ರಪಂಚದ ನಾನಾ ದೇಶಗಳಿಂದ ಹತ್ತಾರು ಸಾವಿರ ಜನ ಬರುವವರಿದ್ದರು. ಹಾಸಿಗೆಗಳು ಸಾಲುವುದಿಲ್ಲ ಅನ್ನುವುದು ತಿಂಗಳುಗಳ ಮೊದಲೇ ಗೊತ್ತಾಯಿತು. ರೇಟ್ ಎಲ್ಲಿಗೆ ಹೋಯಿತೆಂದರೆ, ಸಮ್ಮೇಳನವನ್ನೇ ಬೇರೆ ಊರಿಗೆ ಸಾಗಿಸಿ ಅಂತ ಕೆಲವು ದೇಶಗಳು ಕೇಳಿದವು. ಖರ್ಚು ಜಾಸ್ತಿ ಅಂತ ಆಸ್ಟ್ರಿಯಾದ ಅಧ್ಯಕ್ಷರೇ ಹೋಗುವುದನ್ನು ಕೈಬಿಟ್ಟರು. ಒಂದು ಶ್ರೀಮಂತ ದೇಶದ ಅಧ್ಯಕ್ಷರ ಕಥೆಯೇ ಹೀಗಾದರೆ, ಸಮುದ್ರದಲ್ಲಿ ಮುಳುಗುತ್ತಿರುವ ಸಣ್ಣ ದ್ವೀಪಗಳ ಪ್ರತಿನಿಧಿಗಳ ಗತಿ ಏನು? ಆ ಸಮ್ಮೇಳನ ಯಾರಿಗೆ ಎಲ್ಲರಿಗಿಂತ ಜಾಸ್ತಿ ಬೇಕಿತ್ತೋ, ಅವರಿಗೇ ರೂಮ್ ಹಿಡಿಯುವುದು ಕಷ್ಟವಾಯಿತು. ಕೊನೆಗೆ ಸರ್ಕಾರ ಎರಡು ದೊಡ್ಡ ಪ್ರವಾಸಿ ಹಡಗುಗಳನ್ನು ತರಿಸಿ ನಿಲ್ಲಿಸಿತು. ಅದರಿಂದ ಸುಮಾರು ಆರು ಸಾವಿರ ಹಾಸಿಗೆ ಸಿಕ್ಕವು.

ನನ್ನ ತಕರಾರು ಇರುವುದೇ ಇಲ್ಲಿ. ರೇಟ್ ಏರಿಸುವ ಲೆಕ್ಕಕ್ಕೆ ಊರಿಗೆ ಬಂದವರೆಲ್ಲ ಒಂದೇ. ಮ್ಯಾಚಿಗೆ ಬಂದವನು ರೇಟ್ ನೋಡಿ ಬೇಡ ಅನ್ನಬಹುದು, ಮನೆಯಲ್ಲೇ ಟಿವಿ ಹಾಕಿಕೊಳ್ಳಬಹುದು. ಬೇಜಾರಾಗುತ್ತದೆ, ನಿಜ. ಆದರೆ ಪರೀಕ್ಷೆ ಬರೆಯಲು ಬಂದ ಹುಡುಗಿ? ಸಾವಿನ ಮನೆಗೆ ಬಂದವರು? ನಾಳೆ ಬೆಳಿಗ್ಗೆ ಕೋರ್ಟಿನಲ್ಲಿ ಹಾಜರಾಗಬೇಕಾದವರು? ಅವರಿಗೆ ಬೇಡ ಅನ್ನುವ ದಾರಿಯೇ ಇಲ್ಲ. 'ಬೇಡಿಕೆ ಜಾಸ್ತಿ ಆಗಿದೆ' ಅನ್ನುವಾಗ ನಮ್ಮಂಥವರ ಅನಿವಾರ್ಯವನ್ನೂ ಅದರಲ್ಲೇ ಸೇರಿಸಿ ಎಣಿಸುತ್ತಾರೆ.

2023ರ ಅಕ್ಟೋಬರ್ 14ರಂದು ಅಹಮದಾಬಾದಿನಲ್ಲಿ ಭಾರತ-ಪಾಕಿಸ್ತಾನ ವಿಶ್ವಕಪ್ ಮ್ಯಾಚ್ ನಡೆಯಿತಲ್ಲ, ಆಗ ಹೋಟೆಲ್ ದುಬಾರಿಯಾಗಿ ಕೆಲವರು ಆಸ್ಪತ್ರೆಗಳಲ್ಲಿ ಹಾಸಿಗೆ ಬುಕ್ ಮಾಡಲು ನೋಡಿದರು ಅಂತ ಪತ್ರಿಕೆಗಳಲ್ಲಿ ಬಂದಿತ್ತು. ಆಗ ಎಲ್ಲರೂ ನಕ್ಕೆವು. ನಾನೂ ನಕ್ಕಿದ್ದೆ. ಆಸ್ಪತ್ರೆಯ ಕಾರಿಡಾರಿನಲ್ಲಿ ಕೂತಿದ್ದಾಗ ಅದು ನೆನಪಾಗಿ ಮನಸ್ಸಿಗೆ ಕಷ್ಟವಾಯಿತು.

ಬೆಲೆ ಏರಿಸುವುದರ ಬಗ್ಗೆ ಸಾಮಾನ್ಯ ಜನ ಏನು ಅನ್ನುತ್ತಾರೆ ಅಂತ 1986ರಲ್ಲಿ ಡೇನಿಯಲ್ ಕಾನೆಮನ್, ಜ್ಯಾಕ್ ನೆಟ್ಶ್, ರಿಚರ್ಡ್ ಥೇಲರ್ ಅನ್ನುವ ಮೂವರು ಸಂಶೋಧಕರು ಒಂದು ಅಧ್ಯಯನ ಪ್ರಕಟಿಸಿದರು. ಕೆನಡಾದ ಜನರಿಗೆ ಫೋನ್ ಮಾಡಿ ಕೇಳಿದ ಪ್ರಶ್ನೆಗಳು. ಒಂದು ಅಂಗಡಿ ಹಿಮ ಎತ್ತುವ ಸಲಿಕೆಯನ್ನು 15 ಡಾಲರಿಗೆ ಮಾರುತ್ತಿದೆ. ಭಾರೀ ಹಿಮ ಬಿದ್ದ ಮರುದಿನ ಬೆಳಿಗ್ಗೆ ಅದನ್ನು 20 ಡಾಲರ್ ಮಾಡುತ್ತದೆ. ಸರಿಯೇ? ಶೇ 82 ಜನ ಸರಿಯಲ್ಲ ಅಂದರು. ಗಮನಿಸಿ, ಏರಿದ್ದು ಐದೇ ಡಾಲರ್. ಜನಕ್ಕೆ ನೋವಾಗಿದ್ದು 'ನನ್ನ ಕಷ್ಟದ ಹೊತ್ತು ನೋಡಿ ಏರಿಸಿದರಲ್ಲ' ಅನ್ನುವುದಕ್ಕೆ.

ಕೆಲವು ಕಡೆ ಕಾನೂನು ಇದನ್ನು ಸ್ವಲ್ಪ ಮಟ್ಟಿಗೆ ಒಪ್ಪಿದೆ. ಕ್ಯಾಲಿಫೋರ್ನಿಯಾದಲ್ಲಿ ತುರ್ತು ಪರಿಸ್ಥಿತಿ ಘೋಷಣೆಯಾದರೆ ಹೋಟೆಲುಗಳು ಸಾಮಾನ್ಯವಾಗಿ ಮೊದಲಿನ ರೇಟಿಗಿಂತ ಶೇ 10ಕ್ಕಿಂತ ಜಾಸ್ತಿ ಏರಿಸುವಂತಿಲ್ಲ. 2025ರ ಜನವರಿಯಲ್ಲಿ ಲಾಸ್ ಏಂಜಲೀಸ್ ಸುತ್ತ ಬೆಂಕಿ ಬಿದ್ದು ಸಾವಿರಾರು ಜನ ಮನೆ ಬಿಟ್ಟಾಗ ಈ ನಿಯಮ ಜಾರಿಯಲ್ಲಿತ್ತು. ಒಳ್ಳೆಯದು. ಆದರೆ ಒಂದು ಮನೆಯ ತುರ್ತನ್ನು ಯಾವ ಸರ್ಕಾರವೂ ಘೋಷಿಸುವುದಿಲ್ಲವಲ್ಲ. ಇನ್ನೊಂದು ನಿಯಮ ಅಮೆರಿಕದಲ್ಲಿ 2025ರ ಮೇ 12ರಿಂದ ಬಂದಿದೆ. ರೂಮಿನ ಜೊತೆ ಕಡ್ಡಾಯವಾಗಿ ಕಟ್ಟಬೇಕಾದ ಎಲ್ಲ ಶುಲ್ಕವನ್ನೂ ಸೇರಿಸಿ ಮೊದಲೇ ತೋರಿಸಬೇಕು, ತೆರಿಗೆಯಂಥ ಸರ್ಕಾರಿ ಶುಲ್ಕ ಮಾತ್ರ ಆಮೇಲೆ ಸೇರಿಸಬಹುದು. ರೇಟ್ ಎಷ್ಟೇ ಇರಲಿ, ಕೊನೆಯ ಪುಟದಲ್ಲಿ ಶಾಕ್ ಕೊಡುವಂತಿಲ್ಲ. ಇದು ಎಲ್ಲ ಕಡೆಯೂ ಬರಬೇಕು.

ಏರಿಸಿದ ರೇಟೆಲ್ಲ ಕೊನೆಯವರೆಗೆ ಹಾಗೇ ಉಳಿಯುತ್ತದೆ ಅಂತಲೂ ಇಲ್ಲ. 2023ರ ನವೆಂಬರಿನಲ್ಲಿ ಲಾಸ್ ವೇಗಸ್ ಕಾರ್ ರೇಸಿಗೆ ಮೊದಲು ಭಾರೀ ರೇಟ್ ಹೇಳಿ, ದಿನ ಹತ್ತಿರ ಬಂದ ಹಾಗೆ ಇಳಿಸಿದರು. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲೂ ಹಾಗೇ ಆಯಿತು. ಮಾಮೂಲಿ ಪ್ರವಾಸಿಗರು ಆ ಗಲಾಟೆಯೇ ಬೇಡ ಅಂತ ದೂರ ಉಳಿದರು, ಹೋಟೆಲಿನವರು ಮೊದಲು ಹೇಳಿದ ರೇಟಿನಿಂದ ಕೆಳಗೆ ಬರಬೇಕಾಯಿತು. ನೀವು ಸುಮ್ನೆ ಸುತ್ತಾಡಲು ಹೋಗುವವರಾದರೆ, ಕಾದು ನೋಡುವುದಕ್ಕೂ ಅರ್ಥ ಇದೆ. ಆದರೆ ಹೋಗಲೇಬೇಕು ಅಂತಿದ್ದರೆ ದಯವಿಟ್ಟು ಕಾಯಬೇಡಿ. ತಾರೀಖು ಸಿಕ್ಕ ದಿನವೇ ಆ ಊರಿನಲ್ಲಿ ಅವತ್ತು ಏನಿದೆ ಅಂತ ಹುಡುಕಿ, ಉಚಿತವಾಗಿ ಕ್ಯಾನ್ಸಲ್ ಮಾಡಬಹುದಾದ ರೂಮ್ ಹಿಡಿಯಿರಿ. ಒಟ್ಟು ಮೊತ್ತ ಕಾಣುವ ಹಾಗೆ ಕನ್ಫರ್ಮೇಷನ್‌ನ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಹೋಟೆಲಿಗೆ ನೇರವಾಗಿ ಫೋನ್ ಮಾಡಿ 'ಆಸ್ಪತ್ರೆಗೆ ಬರುತ್ತಿದ್ದೇವೆ' ಅಂತ ಹೇಳಿ. ಕೆಲವು ಆಸ್ಪತ್ರೆಗಳು ರೋಗಿಯ ಮನೆಯವರಿಗೆ ಕಡಿಮೆ ದರ ಕೊಡುವ ಹೋಟೆಲುಗಳ ಪಟ್ಟಿ ಇಟ್ಟುಕೊಂಡಿರುತ್ತವೆ, ಅಲ್ಲೂ ಕೇಳಿ. ನಾನು ಕೇಳಿರಲಿಲ್ಲ.

ಇಷ್ಟೆಲ್ಲ ಮಾಡಿದರೂ, ಕನ್ಫರ್ಮ್ ಮಾಡಿದ ರೂಮನ್ನು ಹೋಟೆಲಿನವರೇ ಕಿತ್ತುಕೊಂಡರೆ ನೀವೇನು ಮಾಡುತ್ತೀರಿ? ನಾನು ಯೋಚಿಸಿದ್ದು ಇಷ್ಟು. ಗ್ರಾಹಕ ಕೊನೆ ಗಳಿಗೆಯಲ್ಲಿ ಕ್ಯಾನ್ಸಲ್ ಮಾಡಿದರೆ ಎಷ್ಟೋ ಕಡೆ ಕಟ್ಟಿದ ದುಡ್ಡು ಹೋಗುತ್ತದೆ. ಅದೇ ಮಾತು ಹೋಟೆಲಿಗೂ ಅನ್ವಯ ಆಗಬೇಕು. ಮಾತು ಕೊಟ್ಟ ಮೇಲೆ ರೂಮ್ ಕೊಡದಿದ್ದರೆ, ಅಷ್ಟೇ ಚೆನ್ನಾಗಿರುವ ರೂಮನ್ನು ಹತ್ತಿರದಲ್ಲೇ, ಮೊದಲು ಹೇಳಿದ ದುಡ್ಡಿಗೇ ಹುಡುಕಿ ಕೊಡಬೇಕು. ಹೆಚ್ಚಿನ ಖರ್ಚು ಅವರದು. ಹೊಸ ಬುಕಿಂಗಿಗೆ ರೇಟ್ ಏರಿಸಿಕೊಳ್ಳಲಿ, ಅದು ವ್ಯಾಪಾರ. ಆಗಲೇ ಕೊಟ್ಟ ಮಾತನ್ನು ಹರಾಜಿಗೆ ಇಡುವುದು ವ್ಯಾಪಾರ ಅಲ್ಲ.

ನಾವು ಉಳಿದ ಹೋಟೆಲಿನ ರಿಸೆಪ್ಷನ್‌ನಲ್ಲಿ ರಾತ್ರಿ ಪಾಳಿಯ ಒಬ್ಬ ಹುಡುಗ ಇದ್ದ. ರೇಟಿನ ಬಗ್ಗೆ ಕೇಳಿದಾಗ, "ಅದು ನಮ್ಮ ಕೈಯಲ್ಲಿಲ್ಲ ಸರ್, ಸಿಸ್ಟಮ್ ಹಾಕುತ್ತದೆ" ಅಂದ. ಆ ವಾರ ಅವನಿಗೆ ದಿನವೂ ಎರಡು ಪಾಳಿ. ಸಂಬಳ ಮಾತ್ರ ಮಾಮೂಲಿಯೇ. ಎರಡನೇ ರಾತ್ರಿ ನನ್ನ ಕೈಯಲ್ಲಿದ್ದ ಆಸ್ಪತ್ರೆಯ ಫೈಲ್ ನೋಡಿ ಕೇಳಿದ, "ಯಾರಿಗೆ ಹುಷಾರಿಲ್ಲ ಸರ್?" ಬುಕ್ ಮಾಡಿದಾಗಿನಿಂದ ಅಲ್ಲಿಯವರೆಗೆ, ಆ ಊರಿಗೆ ಯಾಕೆ ಬಂದಿರಿ ಅನ್ನುವುದನ್ನು ಕೇಳಿದ ಮೊದಲ ಮನುಷ್ಯ ಅವನು. ಹೇಳಿದೆ. ರೇಟ್ ಇಳಿಸಲು ಅವನಿಗೆ ಆಗಲಿಲ್ಲ. ಅಪ್ಪ ಡಿಸ್ಚಾರ್ಜ್ ಆದ ದಿನ, ಹನ್ನೊಂದು ಗಂಟೆಗೆ ಬಿಡಬೇಕಿದ್ದ ರೂಮನ್ನು ಸಂಜೆಯವರೆಗೆ ಇಟ್ಟುಕೊಳ್ಳಿ ಅಂತ ಮ್ಯಾನೇಜರ್ ಹತ್ತಿರ ಮಾತಾಡಿ ಹೇಳಿದ. ಒಂದು ಪೈಸೆ ಜಾಸ್ತಿ ತಗೊಳ್ಳಲಿಲ್ಲ.

ಈ ಕೊನೆಯ ದೃಶ್ಯ ಅವತ್ತಿನದು. ಹೊರಡುವ ಮೊದಲು ಅಪ್ಪ ಎರಡು ಗಂಟೆ ಮಲಗಿದರು. ಅಮ್ಮ ಪಕ್ಕದಲ್ಲಿ ಮಾತ್ರೆಗಳನ್ನು ಬೇರೆ ಬೇರೆ ಕವರಿಗೆ ಹಾಕುತ್ತಿದ್ದಾರೆ. ನಾನು ಆ್ಯಪ್ ತೆರೆದು ನೋಡಿದೆ, ಆ ರಾತ್ರಿಯ ರೇಟ್ ಮತ್ತೆ ಹಳೆಯದಕ್ಕೇ ಇಳಿದಿತ್ತು. ಹೊರಗೆ ಅದೇ ಕಾರಿಡಾರ್. ಎರಡೂ ಕಡೆಯ ರೂಮುಗಳ ಬಾಗಿಲು ತೆರೆದಿತ್ತು, ಹಾಸಿಗೆಯ ಚಾದರಗಳನ್ನು ಬದಲಿಸುತ್ತಿದ್ದರು.